ಬ್ಯಾಂಕು ಕೈಬಿಟ್ಟ ದಿನ: ಮನೆ ಕೊಳ್ಳುವವರು ಮತ್ತು ಮಧ್ಯವರ್ತಿಗಳು

(ಮಾದಾಪುರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮುಂದೆ ಮಾಡಿದ ಭಾಷಣದ ಪಠ್ಯ)



ಮನೆ ಕೊಳ್ಳುವ ವಿಷಯ ಬಂದಾಗ ನಮ್ಮವರು ವಾಸ್ತು ನೋಡುತ್ತಾರೆ, ಬಸದಿ ಎಷ್ಟು ದೂರ, ಶಾಲೆ ಎಷ್ಟು ದೂರ ಎಂದು ವಿಚಾರಿಸುತ್ತಾರೆ, ಮುಹೂರ್ತ ಹಿಡಿದು ಮುಂಗಡ ಕೊಡುತ್ತಾರೆ. ಬ್ಯಾಂಕು ಸಾಲ ಕೊಡದೆ ಹೋದರೆ ಆ ಮುಂಗಡದ ಗತಿ ಏನು ಎಂಬ ಪ್ರಶ್ನೆಯನ್ನು ಮಾತ್ರ ಅಪಶಕುನವೆಂಬಂತೆ ಯಾರೂ ಎತ್ತುವುದಿಲ್ಲ. ಇಂದು ಆ ಪ್ರಶ್ನೆಯೊಂದನ್ನೇ ಎತ್ತಿಕೊಳ್ಳುತ್ತೇನೆ. ಬ್ಯಾಂಕು ಕೈಬಿಡುವ ದಿನದ ಫಲಿತಾಂಶವು ಮುಂಗಡ ಕೊಟ್ಟ ದಿನದ ಬರಹದಲ್ಲಿಯೇ ನಿರ್ಧಾರವಾಗಿರುತ್ತದೆ; ಆ ಬರಹ ಸ್ಪಷ್ಟವಾಗಿರಬೇಕೆಂಬ ಆಸಕ್ತಿ ಎಲ್ಲರಿಗಿಂತ ಕಡಿಮೆ ಇರುವುದು ನಡುವೆ ನಿಂತ ಮಧ್ಯವರ್ತಿಗೆ.

ಮಧ್ಯವರ್ತಿಗಳನ್ನು ಹಳಿಯಲು ನಾನು ಬಂದಿಲ್ಲ. ಅವರ ಶ್ರಮಕ್ಕೆ ಬೆಲೆಯಿದೆ, ಅವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಆದರೆ ಅವರ ಆದಾಯ ಹುಟ್ಟುವುದು ವ್ಯವಹಾರ ಮುಗಿದಾಗ, ಕೆಲವೊಮ್ಮೆ ಎರಡೂ ಕಡೆಯಿಂದ. "ಸಾಲ ಮಂಜೂರಾಗದಿದ್ದರೆ ಮುಂಗಡ ಹಿಂದಿರುಗಿಸತಕ್ಕದ್ದು" ಎಂಬ ಒಂದು ವಾಕ್ಯವನ್ನು ಸೇರಿಸಿ ಎಂದು ನೀವು ಕೇಳಿದ ಕೂಡಲೇ ಮಾರುವವನು ಹಿಂಜರಿದಾನೆಂಬ ಭಯ ಅವರನ್ನು ಕಾಡುತ್ತದೆ. ಆದ್ದರಿಂದ "ಅದೆಲ್ಲ ಬೇಕಿಲ್ಲ ಸಾರ್, ನಿಮ್ಮ ಸಂಬಳಕ್ಕೆ ಸಾಲ ಆಗದೆ ಇರುತ್ತದೆಯೇ" ಎಂಬ ಹೊಗಳಿಕೆಯ ಉತ್ತರ ಬರುತ್ತದೆ. ಆ ಹೊಗಳಿಕೆ ಬಲು ದುಬಾರಿಯದು.

ಲೆಕ್ಕವನ್ನು ನೋಡೋಣ. 1 ಕೋಟಿ 20 ಲಕ್ಷ ರೂಪಾಯಿಯ ಫ್ಲಾಟೊಂದನ್ನು ಭಾವಿಸಿಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷಕ್ಕೆ ಮೀರಿದ ಗೃಹಸಾಲವು ಮನೆಯ ಬೆಲೆಯ ಶೇ. 75ನ್ನು ದಾಟುವಂತಿಲ್ಲ. ಅಂದರೆ ಸಾಲ 90 ಲಕ್ಷ, ಕೈಯಿಂದ 30 ಲಕ್ಷ. ತೆಲಂಗಾಣದಲ್ಲಿ ಮುದ್ರಾಂಕ, ವರ್ಗಾವಣೆ ಸುಂಕ, ನೋಂದಣಿ ಶುಲ್ಕ ಸೇರಿ ಶೇ. 7.5, ಅಂದರೆ ಇನ್ನೂ 9 ಲಕ್ಷ. ಇದಕ್ಕೆ ಬ್ಯಾಂಕಿನ ಸಾಲ ಸಿಗುವುದಿಲ್ಲ. ಈಗ ಬ್ಯಾಂಕಿನ ಮೌಲ್ಯಮಾಪಕರು ಬಂದು ಅದೇ ಮನೆಗೆ 1 ಕೋಟಿ 5 ಲಕ್ಷವೆಂದು ಬೆಲೆ ಕಟ್ಟಿದರೆ ಸಾಲ 78 ಲಕ್ಷ 75 ಸಾವಿರಕ್ಕೆ ಇಳಿಯುತ್ತದೆ. ಒಂದೇ ಮಧ್ಯಾಹ್ನದಲ್ಲಿ 11 ಲಕ್ಷ 25 ಸಾವಿರ ರೂಪಾಯಿಯ ಕೊರತೆ! ನಿಮ್ಮ ಸಂಬಳ ಕಡಿಮೆಯಾಗಿಲ್ಲ, ನಡತೆ ಕೆಟ್ಟಿಲ್ಲ. ಆದರೂ ಹಣ ಸಾಲದು. ಇನ್ನು ಸೈಬರ್ ಟವರ್ಸಿನ ನೆರಳಿನಲ್ಲಿ ದುಡಿಯುವವರಿಗೆ ಉದ್ಯೋಗದ ಅನಿಶ್ಚಯವನ್ನು ನಾನು ವಿವರಿಸಬೇಕಿಲ್ಲ. ಬ್ಯಾಂಕಿನ ಮಂಜೂರಾತಿ ಪತ್ರ ಷರತ್ತುಬದ್ಧವಾದದ್ದು; ಹಣ ಬಿಡುಗಡೆಯಾಗುವ ಮುನ್ನ ಕೆಲಸ ಹೋದರೆ ಆ ಪತ್ರಕ್ಕೆ ಬೆಲೆ ಉಳಿಯುವುದಿಲ್ಲ.

ಆದರೆ ಮಾದಾಪುರದ ವಿಶೇಷ ಸಂಕಟ ಬೇರೆ. ಇಲ್ಲಿ ಸಾಲ ಮುರಿದು ಬೀಳುವುದು ಕೊಳ್ಳುವವನ ಕಾರಣಕ್ಕಲ್ಲ, ನೆಲದ ಕಾರಣಕ್ಕೆ. ಗುರುಕುಲ ಟ್ರಸ್ಟಿನ ಸುಮಾರು 627 ಎಕರೆಯ ವ್ಯಾಜ್ಯ ಎಷ್ಟು ಹಳೆಯದೆಂಬುದು ಇಲ್ಲಿನ ಹಿರಿಯರಿಗೆ ಗೊತ್ತು. ಅಯ್ಯಪ್ಪ ಸೊಸೈಟಿಯೂ ಅದೇ ನೆಲದ ಮೇಲಿದೆ. 2014ರ ಜೂನ್‌ನಲ್ಲಿ ನಗರಪಾಲಿಕೆ ಅಲ್ಲಿ ಕಟ್ಟಡಗಳನ್ನು ಕೆಡವಿತು. 2025ರ ಜನವರಿಯಲ್ಲಿ ಹೈಡ್ರಾ ಸಂಸ್ಥೆಯು ಬಹುಮಹಡಿ ಕಟ್ಟಡವೊಂದನ್ನು ಕೆಡವಿತು. 2024ರ ಆಗಸ್ಟ್‌ನಲ್ಲಿ ತಮ್ಮಿಡಿಕುಂಟೆಯ ಅಂಚಿನ ಎನ್ ಕನ್ವೆನ್ಷನ್ ಸಭಾಂಗಣ ನೆಲಸಮವಾದದ್ದನ್ನು ಇಡೀ ದೇಶ ನೋಡಿತು. ಅದೇ ತಿಂಗಳು ದುರ್ಗಂ ಚೆರುವಿನ ದಡದ ಅಮರ್ ಸೊಸೈಟಿ, ಕಾವೇರಿ ಹಿಲ್ಸ್, ನೆಕ್ಟರ್ ಗಾರ್ಡನ್ ಮೊದಲಾದ ಬಡಾವಣೆಗಳ ಮನೆಗಳಿಗೆ ಕಂದಾಯ ಅಧಿಕಾರಿಗಳ ನೋಟಿಸು ಬಂದಿತು. ಮುಖ್ಯಮಂತ್ರಿಯವರ ಸಹೋದರರ ಮನೆಯೂ ಅದರಲ್ಲಿತ್ತು. ಅನಧಿಕೃತ ಕಟ್ಟಡದಿಂದಲೂ ಆಸ್ತಿ ತೆರಿಗೆ ವಸೂಲಿ ಮಾಡುವ ಆಡಳಿತವೇ ಮರುದಿನ ಬುಲ್ಡೋಜರನ್ನೂ ಕಳುಹಿಸುವುದು ಯಾವ ನ್ಯಾಯ ಎಂದು ನಾವು ಕೇಳಲೇಬೇಕು. ಪಕ್ಷಗಳು ಬದಲಾದರೂ ಈ ದ್ವಂದ್ವ ಬದಲಾಗಿಲ್ಲ.

ಇಂತಹ ನೆಲದ ಕಡತವನ್ನು ಬ್ಯಾಂಕಿನ ವಕೀಲರು ಹಿಂದಿರುಗಿಸಿದಾಗ ಮಧ್ಯವರ್ತಿ ಏನೆನ್ನುತ್ತಾನೆ? "ಆ ಬ್ಯಾಂಕು ಹಾಗೆಯೇ, ಬೇರೊಂದು ಕಂಪನಿಯಿಂದ ಸಾಲ ಕೊಡಿಸುತ್ತೇನೆ." ಬಡ್ಡಿ ಎರಡೋ ಮೂರೋ ಶೇಕಡಾ ಹೆಚ್ಚು ಎನ್ನುವುದು ಚಿಕ್ಕ ತೊಂದರೆ. ದೊಡ್ಡ ತೊಂದರೆಯೆಂದರೆ, ನಿಮಗೆ ಪುಕ್ಕಟೆಯಾಗಿ ದೊರೆತ ಎಚ್ಚರಿಕೆಯೊಂದನ್ನು ನೀವು ಹಣ ಕೊಟ್ಟು ಮುಚ್ಚಿಸಿದಂತಾಯಿತು. ನನ್ನ ಅಭಿಪ್ರಾಯ ಕಟುವಾಗಿದೆ: ಕಾಗದಪತ್ರದ ಕಾರಣಕ್ಕೆ ಸಾಲ ನಿಂತರೆ ಎರಡನೆಯ ಸಾಲಗಾರನನ್ನು ಹುಡುಕಬೇಡಿ, ಆ ಮನೆಯನ್ನೇ ಬಿಡಿ. ಬ್ಯಾಂಕಿನಿಂದ ನಿರಾಕರಣೆಯ ಕಾರಣವನ್ನು ಬರಹದಲ್ಲಿ ಪಡೆಯಿರಿ. ಮಾರುವವನ ಹಕ್ಕುಪತ್ರವೇ ದೋಷಯುಕ್ತವಾಗಿದ್ದರೆ ಕರಾರು ಮುರಿದವರು ನೀವಲ್ಲ ಎಂದು ವಾದಿಸಲು ಆ ಪತ್ರವೇ ಆಧಾರ.

ಇನ್ನು ತೊಂದರೆ ನಮ್ಮದೇ ಕಡೆಯದಾದಾಗ. ಇಲ್ಲಿಯೇ ನಮ್ಮ ಸಮಾಜದ ಸಂಕೋಚ ಅಡ್ಡಬರುತ್ತದೆ. ಕೆಲಸ ಹೋಯಿತೆಂದು, ಹಣ ಹೊಂದಲಿಲ್ಲವೆಂದು ಹೇಳಿಕೊಳ್ಳಲು ನಾಚಿ ಫೋನ್ ಎತ್ತದೆ ದಿನ ತಳ್ಳುತ್ತೇವೆ, ಗಡುವು ಮೀರುತ್ತದೆ. ಹಾಗೆ ಮಾಡಬಾರದು. ತಡವಾಗುವುದೆಂದು ತಿಳಿದ ದಿನವೇ ಮಾರುವವರಿಗೆ ನೇರವಾಗಿ, ಬರಹದಲ್ಲಿ ತಿಳಿಸಬೇಕು. ಮಧ್ಯವರ್ತಿಗೆ ಪ್ರತಿಯನ್ನು ಕಳುಹಿಸಿ ಸಾಕು. ಅವನ ವಾಟ್ಸ್‌ಆಪ್ ಧ್ವನಿಸಂದೇಶದ ಮೂಲಕ ನಿಮ್ಮ ಮಾತು ತಲುಪಿದೆ ಎಂದು ನಂಬಬೇಡಿ. ಬರೆಯುವಾಗ ಸತ್ಯವನ್ನೇ ಬರೆಯಿರಿ, ಖಚಿತವಾಗಿ ಬರೆಯಿರಿ: ಸಾಲದ ಅರ್ಜಿ ಯಾವ ಹಂತದಲ್ಲಿದೆ, ಎಷ್ಟು ದಿನ ಬೇಕು, ಬಾಕಿ ಹಣ ಎಲ್ಲಿಂದ ಬರುತ್ತದೆ. ಮುಂದೆ ನ್ಯಾಯಾಲಯದಲ್ಲಿ ಕರಾರಿನ ಈಡೇರಿಕೆ ಕೇಳುವ ಕೊಳ್ಳುಗನು ತಾನು ಸದಾ ಸಿದ್ಧನಿದ್ದೆ, ಇಚ್ಛೆಯುಳ್ಳವನಾಗಿದ್ದೆ ಎಂದು ತೋರಿಸಬೇಕಾಗುತ್ತದೆ. "ನನ್ನ ಬಳಿ ಏನೂ ಇಲ್ಲ, ನಿಮ್ಮಿಷ್ಟ" ಎಂಬ ಒಂದು ಸಾಲಿನ ಸಂದೇಶ ಆ ಹಕ್ಕನ್ನು ಕಳೆಯಬಲ್ಲುದು. ಹೊಸ ಗಡುವಿಗೆ ಮಾರುವವರು ಒಪ್ಪಿದರೆ ಪೂರಕ ಕರಾರಿನಲ್ಲಿ ಇಬ್ಬರ ಸಹಿಯೂ ಇರಲಿ.

ಮುಂಗಡ ಹಿಂದಿರುಗುತ್ತದೆಯೇ? ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಒಂದು ವ್ಯಾಜ್ಯವನ್ನು ಗಮನಿಸಿ. 2007ರ ಕರಾರು, ಬೆಲೆ 55 ಲಕ್ಷ 50 ಸಾವಿರ, ಮುಂಗಡ 20 ಲಕ್ಷ, ಬಾಕಿ ಕೊಡಲು ನಾಲ್ಕು ತಿಂಗಳು. ಬಾಕಿ ಸಂದಾಯವಾಗಲಿಲ್ಲ. 2025ರ ಮೇ ತಿಂಗಳಲ್ಲಿ ನ್ಯಾಯಾಲಯ ಆ 20 ಲಕ್ಷದ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಕರಾರಿನಲ್ಲಿ ಮುಟ್ಟುಗೋಲಿನ ಷರತ್ತು ಸ್ಪಷ್ಟವಾಗಿತ್ತು. ಕೊಂಡವರು ತಮ್ಮ ದಾವೆಯಲ್ಲಿ, ಮನೆ ಸಿಗದಿದ್ದರೆ ಹಣವನ್ನಾದರೂ ಕೊಡಿಸಿ ಎಂಬ ಪರ್ಯಾಯ ಬೇಡಿಕೆಯನ್ನೂ ಇಟ್ಟಿರಲಿಲ್ಲ. ಹದಿನೆಂಟು ವರ್ಷ ಹೋರಾಡಿ ಬೆಲೆಯ ಮೂರನೆಯ ಒಂದಕ್ಕೂ ಹೆಚ್ಚು ಭಾಗವನ್ನು ಕಳೆದುಕೊಂಡ ಕುಟುಂಬವನ್ನು ಊಹಿಸಿಕೊಳ್ಳಿ.

ಇದಕ್ಕೆ ಎದುರಾಗಿ 1963ರ ಫತೇ ಚಂದ್ ಪ್ರಕರಣವಿದೆ. ದೆಹಲಿಯ ಮನೆಯೊಂದಕ್ಕೆ 1,000 ರೂಪಾಯಿ ಮುಂಗಡವಾಗಿ, 24,000 ರೂಪಾಯಿ ಬೆಲೆಯ ಭಾಗವಾಗಿ ಸಂದಿತ್ತು. ಮಾರುವವನು ಆ ಸಾವಿರವನ್ನು ಇಟ್ಟುಕೊಳ್ಳಬಹುದು, ನಷ್ಟ ತೋರಿಸದೆ ಉಳಿದ 24,000ವನ್ನು ದಂಡವಾಗಿ ನುಂಗುವಂತಿಲ್ಲ ಎಂದಿತು ನ್ಯಾಯಾಲಯ. 2025ರ ಫೆಬ್ರವರಿಯಲ್ಲಿ ಗುರುಗ್ರಾಮದ ಫ್ಲಾಟೊಂದರ ವಿಚಾರದಲ್ಲಿ, ಕೊಂಡವರು ತಾವಾಗಿಯೇ ಹಿಂದೆ ಸರಿದಿದ್ದರೂ, ಮೂಲಬೆಲೆಯ ಶೇ. 20ನ್ನು ಕಸಿಯುವ ಏಕಪಕ್ಷೀಯ ಷರತ್ತನ್ನು ಒಪ್ಪದೆ ಶೇ. 10ಕ್ಕೆ ಮಿತಿಗೊಳಿಸಲಾಯಿತು. ಆದುದರಿಂದ ಮೊದಲ ಕಂತನ್ನು ಚಿಕ್ಕದಾಗಿಡಿ. ಯಾವುದು ಮುಂಗಡ, ಯಾವುದು ಬೆಲೆಯ ಭಾಗ ಎಂಬುದನ್ನು ರಸೀದಿಯಲ್ಲಿ ಬೇರೆಬೇರೆಯಾಗಿ ನಮೂದಿಸಿ. ಹೊಸ ಯೋಜನೆಯ ಫ್ಲಾಟಾದರೆ 2016ರ ರೇರಾ ಕಾಯ್ದೆಯೇ ನಿಮ್ಮ ಪರವಾಗಿದೆ: ನೋಂದಾಯಿತ ಮಾರಾಟ ಕರಾರಿಲ್ಲದೆ ಬಿಲ್ಡರನು ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ನೋಂದಣಿಯಾಗದ ಏಜೆಂಟನು ನೋಂದಾಯಿತ ಯೋಜನೆಯ ಮಾರಾಟಕ್ಕೆ ಕೈಹಾಕುವಂತಿಲ್ಲ. ಸುಳ್ಳು ಭರವಸೆ ಕೊಟ್ಟ ಏಜೆಂಟನಿಗೆ ದಿನಕ್ಕೆ 10,000 ರೂಪಾಯಿಯಂತೆ ದಂಡವಿದೆ. ಹಳೆಯ ಮನೆಯ ಮರುಮಾರಾಟಕ್ಕೆ ಈ ರಕ್ಷಣೆ ದೊರೆಯದಿರುವುದು ಕಾಯ್ದೆಯ ದೊಡ್ಡ ಕೊರತೆ. ನಮ್ಮ ಪ್ರತಿನಿಧಿಗಳು ಇದರ ಬಗ್ಗೆ ಬಾಯಿ ತೆರೆಯುವುದನ್ನು ನಾನು ಇನ್ನೂ ಕಾಯುತ್ತಿದ್ದೇನೆ.

ನಗದಿನ ಬಗ್ಗೆ ಒಂದು ಮಾತು. ಬೆಲೆಯ ಒಂದು ಪಾಲನ್ನು ಕಪ್ಪಾಗಿ ಕೊಟ್ಟರೆ ದಾಖಲೆಯ ಬೆಲೆ ಇಳಿಯುತ್ತದೆ, ಅದರೊಡನೆ ಸಾಲವೂ ಇಳಿಯುತ್ತದೆ. ವ್ಯವಹಾರ ಮುರಿದರೆ ಆ ಹಣಕ್ಕೆ ಸಾಕ್ಷಿ ಮಧ್ಯವರ್ತಿಯೊಬ್ಬನೇ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ನಗದನ್ನು ಪಡೆಯುವುದು 2015ರಿಂದ ನಿಷಿದ್ಧ. ಬೆಂಗಳೂರಿನ ಒಂದು ವ್ಯಾಜ್ಯದಲ್ಲಿ 75 ಲಕ್ಷ ನಗದು ಕೊಟ್ಟೆವೆಂದು ಹೇಳಿಕೊಂಡವರ ಕುರಿತು 2025ರ ಏಪ್ರಿಲ್‌ನಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟು, 2 ಲಕ್ಷಕ್ಕೆ ಮೇಲ್ಪಟ್ಟ ನಗದಿನ ಹೇಳಿಕೆಯುಳ್ಳ ದಾವೆಗಳನ್ನು ಆದಾಯ ತೆರಿಗೆ ಇಲಾಖೆಯ ಗಮನಕ್ಕೆ ತರಬೇಕೆಂದು ಕೆಳ ನ್ಯಾಯಾಲಯಗಳಿಗೆ ಆದೇಶಿಸಿದೆ.

"ಮಧ್ಯವರ್ತಿ ನಮ್ಮವರೇ, ನಮ್ಮ ಸಮಾಜದವರೇ, ಬರಹವೇಕೆ" ಎನ್ನುವವರಿದ್ದಾರೆ. ನಮ್ಮ ಶಾಸ್ತ್ರಕಾರರಿಗೆ ನಮ್ಮವರ ಮೇಲೆ ಅಷ್ಟು ಭರವಸೆ ಇರಲಿಲ್ಲವೆಂದು ಕಾಣುತ್ತದೆ! ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು, ಅಂದರೆ ನಂಬಿ ಇಟ್ಟ ಹಣವನ್ನು ಲಪಟಾಯಿಸುವುದನ್ನು, ಶ್ರಾವಕರಿಗೆಂದೇ ಎಣಿಸಿ ಹೇಳಿದ್ದಾರೆ. ಗುಟ್ಟಿನ ಮಾತನ್ನು ಹೊರಗೆಡಹುವ ಸಾಕಾರಮಂತ್ರಭೇದವೂ ಆ ಪಟ್ಟಿಯಲ್ಲಿದೆ. ನಿಮಗೆ ಸಾಲ ಸಿಗುತ್ತಿಲ್ಲವೆಂಬ ಸುದ್ದಿಯನ್ನು ನಿಮಗಿಂತ ಮೊದಲೇ ಮಾರುವವನಿಗೆ ಮುಟ್ಟಿಸಿ, ಹೊಸ ಗಿರಾಕಿಯನ್ನು ಕರೆತರುವ ಏಜೆಂಟನ ಕೆಲಸಕ್ಕೆ ಇದಕ್ಕಿಂತ ತಕ್ಕ ಹೆಸರನ್ನು ನಾನು ಕಾಣೆ. ಸಮಾಜದ ಹಿರಿಯರು ಪಂಚಾಯಿತಿ ಮಾಡಿ "ಹೋಗಲಿ ಬಿಡಿ, ಅರ್ಧಕ್ಕೆ ಒಪ್ಪಿಕೊಳ್ಳಿ" ಎಂದು ಸೋತವನಿಗೇ ಉಪದೇಶಿಸುವ ಪದ್ಧತಿಯೂ ನಿಲ್ಲಬೇಕು.

ಕೊನೆಯದಾಗಿ ದಳ್ಳಾಳಿ. ವ್ಯವಹಾರ ಮುರಿದ ಮೇಲೂ ಶೇ. 1 ಅಥವಾ 2 ಕೊಡಲೇಬೇಕೆಂದು ಬೆನ್ನು ಹತ್ತುವವರುಂಟು. 1872ರ ಕರಾರು ಕಾಯ್ದೆಯ 219ನೆಯ ಕಲಮು ಹೇಳುವಂತೆ, ವಿಶೇಷ ಒಪ್ಪಂದವಿಲ್ಲದಿದ್ದರೆ ಕೆಲಸ ಪೂರ್ತಿಯಾಗುವವರೆಗೆ ಏಜೆಂಟನಿಗೆ ಪ್ರತಿಫಲ ಸಲ್ಲಬೇಕಾಗುವುದಿಲ್ಲ. ಆ ವಿಶೇಷ ಒಪ್ಪಂದ ನೀವು ಮೊದಲ ದಿನ ಮನೆ ನೋಡಲು ಹೋದಾಗ ಸಹಿ ಹಾಕಿದ ಒಂದು ಹಾಳೆಯ ಅರ್ಜಿಯ ಕೆಳಗೆ ಸಣ್ಣಕ್ಷರದಲ್ಲಿ ಇರಬಹುದು. ಇಂದು ರಾತ್ರಿ ಅದನ್ನು ಹುಡುಕಿ ಓದಿ. ಪ್ರತಿ ನಿಮ್ಮ ಬಳಿ ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಕೇಳಿ ತರಿಸಿಕೊಳ್ಳಿ.