ಕಗ್ಗದ ಭಾಗವತನಾರು?



ಭಟ್ಕಳದಿಂದ ಉತ್ತರಕ್ಕೆ ಹೊರಟವರು ಹೊನ್ನಾವರದಲ್ಲಿ ಶರಾವತಿಯನ್ನು ದಾಟಿ, ಕುಮಟೆಯ ಆಚೆ ಅಘನಾಶಿನಿಯನ್ನು ಕಾಣುತ್ತಾರೆ. ಉಬ್ಬರದಲ್ಲಿ ಕಡಲಿನ ಉಪ್ಪುನೀರು ಏರಿಬರುವ ಅಲ್ಲಿನ ಗದ್ದೆಗಳಿಗೆ ಗಜನಿಗಳೆಂದು ಹೆಸರು. ಬೇರೆ ಭತ್ತ ಸುಟ್ಟುಹೋಗುವ ಆ ನೆಲದಲ್ಲಿ ಕಗ್ಗವೆಂಬ ತಳಿ ತೆನೆಬಿಡುತ್ತದೆ. ಮಾಣಿಕಟ್ಟೆಯ ರೈತರು ಅದನ್ನು ಕೂಡಿ ಬೆಳೆದು ಉಳಿಸಿಕೊಂಡಿದ್ದಾರೆ. ಬಾಲ್ಯದಲ್ಲಿ ಆ ಪೈರನ್ನು ಕಂಡು ಬೆರಗಾದ ನನಗೆ ಇದರ ಗುಟ್ಟೇನೆಂಬ ಪ್ರಶ್ನೆ ಇಂದಿಗೂ ಬಿಟ್ಟಿಲ್ಲ.

ಭತ್ತದ ಹನ್ನೆರಡು ವರ್ಣತಂತುಗಳ ಬರಹವನ್ನು ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದರು. ಅದರಲ್ಲಿರುವ ಜೀನ್‌ಗಳು ಹತ್ತಾರು ಸಾವಿರ. ಬೇರಿಗೆ ಉಪ್ಪು ತಗುಲಿದೊಡನೆ ನೂರಾರು ಜೀನ್‌ಗಳು ಚುರುಕಾಗುತ್ತವೆ, ಇನ್ನು ಕೆಲವು ಮೌನ ತಾಳುತ್ತವೆ. ಇವು ಒಂದೊಂದೂ ತಮ್ಮಷ್ಟಕ್ಕೆ ಎದ್ದು ಕುಣಿಯುವುದಿಲ್ಲ. ಜೀನಿನ ಬಳಿ ಕುಳಿತು ಅದರ ನಕಲಿಗೆ ಅಪ್ಪಣೆ ಕೊಡುವ, ಇಲ್ಲವೇ ತಡೆಯುವ ಪ್ರೋಟೀನುಗಳುಂಟು. ಅವೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರುಗಳು. ಕೆರೆಮನೆ ಮೇಳದ ಆಟ ಕಂಡ ಹೊನ್ನಾವರದವರಿಗೆ ಇದು ಕಠಿಣವಲ್ಲ. ಭಾಗವತರು ತಾಳ ಬದಲಿಸಿದರೆ ರಂಗದ ಮೇಲಿನ ವೇಷಗಳೆಲ್ಲ ಹೆಜ್ಜೆ ಬದಲಿಸುತ್ತವೆಯಷ್ಟೆ.

ಹೆಜ್ಜೆ ಕಂಡು ಭಾಗವತನನ್ನು ಗುರುತಿಸುವುದು ಹೇಗೆ? ಇದಕ್ಕಾಗಿಯೇ ಅಂತರ್ಜಾಲದಲ್ಲಿ ತಂತ್ರಾಂಶಗಳಿವೆ. ಸಸ್ಯಗಳಿಗೆ ಪೀಕಿಂಗ್ ವಿಶ್ವವಿದ್ಯಾಲಯದ ಪ್ಲಾಂಟ್‌ರೆಗ್‌ಮ್ಯಾಪ್ ಅಂಥದೊಂದು. ಸಂಶೋಧಕನು ಚುರುಕಾದ ಜೀನ್‌ಗಳ ಪಟ್ಟಿಯನ್ನು ಕೊಟ್ಟರೆ, ಪ್ರತಿಯೊಂದು ಫ್ಯಾಕ್ಟರಿನ ಅಧೀನದ ಜೀನ್‌ಗಳು ಅದರಲ್ಲಿ ಎಷ್ಟಿವೆಯೆಂದು ಅದು ಎಣಿಸುತ್ತದೆ. ಸಾವಿರ ಜನರ ಊರಿನಲ್ಲಿ ಒಂದು ಮನೆತನದವರು ಐವತ್ತು ಮಂದಿ ಎನ್ನಿ. ನಲವತ್ತು ಜನ ಸೇರಿದ ಯಾವುದೋ ಕೂಟದಲ್ಲಿ ಅವರು ಇಬ್ಬರಿದ್ದರೆ ಸಹಜ. ಹದಿನೈದು ಮಂದಿ ಇದ್ದರೆ, ಕರೆ ಆ ಮನೆಯಿಂದಲೇ ಹೋಗಿರಬೇಕೆಂದು ಸಂಶಯಪಡುತ್ತೇವೆ. ತಂತ್ರಾಂಶದ ತರ್ಕವೂ ಇದೇ.

ಆದರೆ ಸಂಶಯವು ಸಾಕ್ಷ್ಯವಲ್ಲ. ಭತ್ತದ ಆ ಮೂಲ ಬರಹ ನಿಪ್ಪೊನ್‌ಬಾರೆ ಎಂಬ ಜಪಾನಿನ ತಳಿಯದು. ಕಗ್ಗಕ್ಕೆ ಮಾತ್ರ ವಿಶಿಷ್ಟವಾದುದೇನಾದರೂ ಇದ್ದರೆ ಅದು ಪಟ್ಟಿಯಿಂದ ಜಾರಿಹೋಗಬಹುದು. ಕೊನೆಗೆ ಉಪ್ಪುನೀರಿನಲ್ಲಿ ನಿಂತ ಜೀವಂತ ಪೈರನ್ನೇ ಕೇಳಬೇಕು.

ಅನೇಕ ಗಜನಿಗಳು ಇಂದು ಸಿಗಡಿಯ ಕೆರೆಗಳಾಗಿವೆ. ಕಗ್ಗದ ಬಿತ್ತನೆ ಕುಗ್ಗಿದೆ. ಗಣಕಯಂತ್ರ ಎಷ್ಟೇ ಬಲ್ಲದಾದರೂ ಬಿತ್ತದ ಬೀಜದ ಪಟ್ಟಿಯನ್ನು ಅದು ಎಲ್ಲಿಂದ ತಂದೀತು? ಆದುದರಿಂದ ಮಾಣಿಕಟ್ಟೆಯ ರೈತರ ಕಣಜದಲ್ಲಿ ಮುಂದಿನ ಮಳೆಗಾಲಕ್ಕೆ ಬಿತ್ತನೆಯ ಕಗ್ಗ ಉಳಿದಿರಲಿ ಎಂಬುದೇ ನನ್ನ ಹಾರೈಕೆ.