ಮೊದಲ ತಪ್ಪು ಯಾವುದು?

ಮಹಿಳಾ ವೇದಿಕೆಯಲ್ಲಿ ಕಂಪೈಲರ್ ಬಗ್ಗೆ ಮಾತಾಡುತ್ತೇನೆ ಅಂದಾಗ ಕೆಲವರು ನಕ್ಕಿರಿ. ಸ್ವಲ್ಪ ಸಹಿಸಿಕೊಳ್ಳಿ, ಇದು ನನ್ನ ಅಮ್ಮನ ಕತೆಯೂ ಹೌದು.

ನಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆಗಳಲ್ಲಿ ಅಮ್ಮ ಬರೆದ ಆರು ಕತೆಗಳಿವೆ. ಕೆಲವು ವರ್ಷಗಳ ಹಿಂದೆ ಅವರ ದೃಷ್ಟಿ ಮಂದವಾಯಿತು. "ನನ್ನ ಕತೆ ನನಗೇ ಓದಕ್ಕಾಗಲ್ವಲ್ಲೇ" ಅಂದರು. ಮುದ್ರಿತ ಪುಟವನ್ನು ಪಠ್ಯವಾಗಿಸಿದರೆ ಫೋನು ಓದಿ ಹೇಳುತ್ತದೆ. ಅದಕ್ಕೆ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶವಿದೆ, ಕನ್ನಡವನ್ನೂ ಗುರುತಿಸುತ್ತದೆ. 2018ರಲ್ಲಿ ಅದರ 4ನೇ ಆವೃತ್ತಿ ಬಂತು. ನನ್ನ ಹಳೆಯ ಲ್ಯಾಪ್‌ಟಾಪಿನ ಉಬುಂಟು 16.04ರಲ್ಲಿ ಸಿಗುತ್ತಿದ್ದದ್ದು 3ನೆಯದು. ಹೊಸದು ಬೇಕಾದರೆ ಸೋರ್ಸ್ ಕೋಡ್ ತಂದು ನಾವೇ ಬಿಲ್ಡ್ ಮಾಡಬೇಕು. 'ಕಾನ್ಫಿಗರ್' ಬೇಕಾದ ಸಾಮಾನೆಲ್ಲ ಇದೆಯೇ ಎಂದು ನೋಡುತ್ತದೆ, 'ಮೇಕ್' ಕಂಪೈಲರ್ ಕೈಯಲ್ಲಿ ಅಡುಗೆ ಮಾಡಿಸುತ್ತದೆ.

ನಾನು ಎಂ.ಟೆಕ್ ಓದಿದವಳು, ಆಫೀಸಿನಲ್ಲಿ ಜಾವಾ ಬರೆಯುತ್ತೇನೆ. ಆದರೂ ಮೊದಲ ದಿನವೇ ಸೋತೆ. ಪರದೆಯ ಕೊನೆಯ ಸಾಲು 'ನೋ ಮೇಕ್‌ಫೈಲ್ ಫೌಂಡ್' ಎನ್ನುತ್ತಿತ್ತು. ಎರಡು ರಾತ್ರಿ ಆ ಫೈಲನ್ನೇ ಹುಡುಕಿದೆ. ಯಾರನ್ನಾದರೂ ಕೇಳೋಣವೆಂದರೆ ನಾಚಿಕೆ, ಇಷ್ಟು ಓದಿ ಇದೂ ಬರುವುದಿಲ್ಲವೇ ಅಂದುಬಿಟ್ಟರೆ? ಮೂರನೆಯ ದಿನ ಆಫೀಸಿನ ಕಿರಿಯ ಹುಡುಗಿಯೊಬ್ಬಳನ್ನು ಕೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಮೊದಲ ಎರರ್ ಯಾವುದು?"

ಮೇಲಕ್ಕೆ ಸರಿಸಿ ನೋಡಿದೆ. ಲೆಪ್ಟೋನಿಕಾ ಎಂಬ ಲೈಬ್ರರಿಯ 1.74 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು ಎಂದು ಕಾನ್ಫಿಗರ್ ಹೇಳಿ ಅಲ್ಲೇ ನಿಂತಿತ್ತು. ನನ್ನಲ್ಲಿದ್ದದ್ದು 1.73. ಮೇಕ್‌ಫೈಲ್ ಕಳೆದಿರಲಿಲ್ಲ, ಹುಟ್ಟೇ ಇರಲಿಲ್ಲ! ಲೆಪ್ಟೋನಿಕಾವನ್ನೂ ಸೋರ್ಸಿನಿಂದಲೇ ಬಿಲ್ಡ್ ಮಾಡಿದೆ.

ಮತ್ತೆ ಮೇಕ್ ಓಡಿಸಿದೆ. ಈ ಸಲ 'ಇಂಟರ್ನಲ್ ಕಂಪೈಲರ್ ಎರರ್: ಕಿಲ್ಡ್'. ಕಂಪೈಲರೇ ಕೆಟ್ಟಿದೆ ಅಂದುಕೊಂಡೆ. ತಪ್ಪು ನನ್ನ ಆತುರದ್ದು. ಬೇಗ ಮುಗಿಯಲೆಂದು 'ಮೇಕ್ -ಜೆ8' ಕೊಟ್ಟಿದ್ದೆ. ಅಂದರೆ ಒಟ್ಟಿಗೆ ಎಂಟು ಕೆಲಸ, ಇದ್ದ ಮೆಮೊರಿ 2 ಜಿಬಿ. ಒಂದೇ ಒಲೆಗೆ ಎಂಟು ಪಾತ್ರೆ ಇಟ್ಟ ಹಾಗೆ. ಮೆಮೊರಿ ಸಾಲದೆ ಲಿನಕ್ಸ್ ಕಂಪೈಲರನ್ನೇ ನಿಲ್ಲಿಸಿಬಿಟ್ಟಿತ್ತು. '-ಜೆ1' ಎಂದು ಬದಲಾಯಿಸಿ ಮಲಗಿದೆ, ಬೆಳಗ್ಗೆ ಬಿಲ್ಡ್ ಮುಗಿದಿತ್ತು. ಓಡಿಸಿದರೆ ಲೈಬ್ರರಿ ಸಿಗುತ್ತಿಲ್ಲ ಎಂದಿತು. ಹೊಸ ಲೈಬ್ರರಿಯ ವಿಳಾಸ ಸಿಸ್ಟಮ್‌ಗೆ ಗೊತ್ತಿರಲಿಲ್ಲ, 'ಎಲ್‌ಡಿಕಾನ್ಫಿಗ್' ಎಂಬ ಒಂದೇ ಕಮಾಂಡ್ ಸಾಕಾಯಿತು.

ಕಂಪೈಲರ್ ನಮ್ಮನ್ನು ಬೈಯುವುದಿಲ್ಲ, ಎಲ್ಲಿ ಸಿಕ್ಕಿಕೊಂಡೆ ಎಂದು ಹೇಳುತ್ತದೆ ಅಷ್ಟೇ. ಐವತ್ತು ಎರರ್ ಬಂದರೂ ಮೊದಲನೆಯದನ್ನು ಸರಿಪಡಿಸಿ ಮತ್ತೆ ಓಡಿಸಿ, ಎಷ್ಟೋ ಸಲ ಉಳಿದವು ತಾವೇ ಹೋಗುತ್ತವೆ. ಆವೃತ್ತಿ ಸಂಖ್ಯೆ ನೋಡಿ. ಸಹಾಯ ಕೇಳುವಾಗ ಸಂದೇಶವನ್ನು ಪೂರ್ತಿ ಕಳುಹಿಸಿ. ಮುಖ್ಯವಾಗಿ, ಕೇಳಲು ಎರಡು ರಾತ್ರಿ ಕಾಯಬೇಡಿ. 1952ರಲ್ಲೇ ಎ-0 ಎಂಬ ಆರಂಭದ ಕಂಪೈಲರನ್ನು ರೂಪಿಸಿದವರು ಗ್ರೇಸ್ ಹಾಪರ್ ಎಂಬ ಮಹಿಳೆ. ಈ ಅಡುಗೆಮನೆ ನಮಗೆ ಹೊಸದಲ್ಲ.

ಆ ಭಾನುವಾರ ಫೋನು ಅಮ್ಮನ ಕತೆ ಓದಿತು. ಒತ್ತಕ್ಷರಗಳು ಅಲ್ಲಲ್ಲಿ ಬಿದ್ದುಹೋಗಿದ್ದವು. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದವರು ತಟ್ಟನೆ, "ಅದು ಅಕ ಅಲ್ಲ ಕಣೇ, ಅಕ್ಕ. ತಿದ್ದು" ಎಂದರು. ಆರೂ ಕತೆಗಳ ಪ್ರೂಫ್ ಅವರು ಕಿವಿಯಲ್ಲೇ ನೋಡಿದರು.