ಬೆಳಕಿಲ್ಲದ ಆಳದಲ್ಲಿ ಬೆಳೆಯುವ ಹವಳ



ಹವಳವೆಂದೊಡನೆ ನೆನಪಿಗೆ ಬರುವುದು ಲಕ್ಷದ್ವೀಪದಂಥ ಕಡೆಯ ಬೆಚ್ಚನೆಯ, ತಿಳಿಯಾದ ಸಮುದ್ರ. ಅಲ್ಲಿನ ಹವಳಜೀವಿಯ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಬಿಸಿಲಿನಿಂದ ಅವು ತಯಾರಿಸುವ ಆಹಾರದಲ್ಲಿ ಹವಳಕ್ಕೂ ಪಾಲುಂಟು. ಆದರೆ ಬಿಸಿಲು ತಲುಪದ ಆಳದಲ್ಲಿ, ಪಾಚಿಯ ನೆರವಿಲ್ಲದೆಯೇ ಬದುಕುವ ಕಲ್ಲುಹವಳಗಳೂ ಇವೆ. ಅವುಗಳಲ್ಲಿ ಪ್ರಮುಖವಾದುದು ಲೋಫೀಲಿಯಾ ಪರ್ಟ್ಯೂಸಾ. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿಯೇ ಇದನ್ನು ವರ್ಣಿಸಿದ್ದನು. ವಂಶವಾಹಿಗಳ ಅಧ್ಯಯನದ ಫಲವಾಗಿ 2016ರಲ್ಲಿ ಇದನ್ನು ಡೆಸ್ಮೊಫಿಲಮ್ ಕುಲಕ್ಕೆ ಸೇರಿಸಲಾಯಿತು. ಹೆಚ್ಚಾಗಿ 200ರಿಂದ 1,000 ಮೀಟರ್ ಆಳದಲ್ಲಿ, 4ರಿಂದ 12 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ತಣ್ಣೀರಿನಲ್ಲಿ ಇದರ ವಾಸ.

ಕೊಂಬೆಗಳೊಡೆದು ಹರಡಿದ ಈ ಹವಳ ನೋಡಲು ಪೊದೆಯಂತಿದ್ದರೂ ಗಿಡವಲ್ಲ. ಅಸಂಖ್ಯ ಪುಟ್ಟ ಪ್ರಾಣಿಗಳು ಒಂದುಗೂಡಿ ಬಾಳುವ ಅವಿಭಕ್ತ ಕುಟುಂಬ. ಒಂದೊಂದು ಪ್ರಾಣಿಯನ್ನೂ ಪಾಲಿಪ್ ಎನ್ನುತ್ತಾರೆ. ಅದರ ಮೈ ಮೆತ್ತನೆಯ ಚೀಲ. ಇರುವುದು ಒಂದೇ ಬಾಯಿ. ಆಹಾರ ಒಳಹೋಗುವುದೂ ಕಸ ಹೊರಬೀಳುವುದೂ ಅದರ ಮೂಲಕವೇ. ಬಾಯಿಯ ಸುತ್ತಲಿನ ಗ್ರಹಣಾಂಗಗಳಲ್ಲಿ ಕುಟುಕುವ ಕೋಶಗಳಿದ್ದು, ನೀರಿನ ಸೆಳೆತ ಹೊತ್ತು ತರುವ ಸೂಕ್ಷ್ಮಜೀವಿಗಳನ್ನು ಹಿಡಿದುಕೊಡುತ್ತವೆ. ಸಮುದ್ರದ ನೀರಿನಲ್ಲಿ ಕರಗಿರುವ ಲವಣಗಳಿಂದ ಪಾಲಿಪ್ ತನ್ನ ಬುಡದಲ್ಲಿ ಅರಗೊನೈಟ್ ಎಂಬ ಸುಣ್ಣಕಲ್ಲಿನ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಬಟ್ಟಲಿನ ಒಳಮೈಯಿಂದ ನಡುವಿನತ್ತ ಚಾಚಿದ ತೆಳು ಗೋಡೆಗಳು ಆ ಮೆತ್ತನೆಯ ಮೈಗೆ ಆಧಾರ.

ಬಟ್ಟಲಿನ ಅಂಚಿನಲ್ಲಿ ಹೊಸ ಪಾಲಿಪ್ ಮೊಗ್ಗಿನಂತೆ ಒಡೆಯುತ್ತದೆ, ಕೊಂಬೆ ಮುಂದುವರಿಯುತ್ತದೆ. ಈ ಬೆಳವಣಿಗೆ ವರ್ಷಕ್ಕೆ ಸುಮಾರು 5ರಿಂದ 25 ಮಿಲಿಮೀಟರ್ ಮಾತ್ರ. ಯೂನಿಸ್ ಎಂಬ ಹುಳು ಕೊಂಬೆಗಳ ನಡುವೆ ಕೊಳವೆ ಮಾಡಿಕೊಂಡು ನೆಲೆಸುತ್ತದೆ. ಹವಳವು ಆ ಕೊಳವೆಗೂ ಸುಣ್ಣ ಹೊದಿಸುವುದರಿಂದ ಕೊಂಬೆಗಳು ಪರಸ್ಪರ ಬೆಸೆದು ಗಟ್ಟಿಯಾಗುತ್ತವೆ. ತುದಿ ಬೆಳೆದಂತೆ ಬುಡದ ಪಾಲಿಪ್‌ಗಳು ಸಾಯುತ್ತವೆ. ಅವು ಬಿಟ್ಟುಹೋದ ಅಸ್ಥಿಪಂಜರದ ಮೇಲೆ ಜೀವಂತ ಹವಳ ನಿಲ್ಲುತ್ತದೆ. ತರಗೆಲೆ ಕೊಳೆತು ಕಾಡಿನ ಮಣ್ಣಾಗುವುದನ್ನು ಕಂಡ ಮಲೆನಾಡಿನವರಿಗೆ ಈ ಕ್ರಮ ಅಪರಿಚಿತವಲ್ಲ. ಹಿರಿಯ ತಲೆಮಾರುಗಳ ಅವಶೇಷವೇ ಕಿರಿಯರ ನೆಲ.

ಹೀಗೆ ಸಾವಿರಾರು ವರ್ಷಗಳಲ್ಲಿ ಕಟ್ಟಿದ ದಿಬ್ಬಗಳು ನಾರ್ವೆಯ ಕರಾವಳಿಯಾಚೆ ಹಲವಿವೆ. ಲೊಫೊಟೆನ್ ದ್ವೀಪಗಳ ಬಳಿ 2002ರಲ್ಲಿ ಪತ್ತೆಯಾದ ರೋಸ್ಟ್ ದಿಬ್ಬ 300ರಿಂದ 400 ಮೀಟರ್ ಆಳದಲ್ಲಿದ್ದು, ಅದರ ಉದ್ದ 35 ಕಿಲೋಮೀಟರಿಗೂ ಹೆಚ್ಚು. ಇಂತಹ ದಿಬ್ಬಗಳ ಸಂದುಗಳಲ್ಲಿ ಮೀನು, ಏಡಿ, ಸ್ಪಂಜುಪ್ರಾಣಿಗಳಿಗೆ ಆಸರೆಯುಂಟು.

ಆದರೆ ಸಮುದ್ರದ ತಳವನ್ನೇ ಕೆರೆದು ಸಾಗುವ ಟ್ರಾಲ್ ಬಲೆಗೆ ಕೊಂಬೆಯೇನು, ಕಲ್ಲೇನು? ಶತಮಾನಗಳ ದುಡಿಮೆ ಒಂದೇ ಎಳೆತಕ್ಕೆ ಪುಡಿಯಾಗುತ್ತದೆ. ನಾರ್ವೆಯ ಹವಳ ಪ್ರದೇಶಗಳಲ್ಲಿ ಶೇಕಡಾ 30ರಿಂದ 50ರಷ್ಟು ಹೀಗೆ ಹಾನಿಗೊಂಡಿವೆಯೆಂದು 2002ರಲ್ಲಿ ಅಲ್ಲಿನ ವಿಜ್ಞಾನಿಗಳು ಅಂದಾಜು ಮಾಡಿದರು. ಮೀನುಗಾರರೂ ಹಾನಿಯ ಬಗ್ಗೆ ದನಿಯೆತ್ತಿದ್ದರು. 1999ರಲ್ಲಿ ಸುಲಾ ದಿಬ್ಬಕ್ಕೂ 2003ರಲ್ಲಿ ರೋಸ್ಟ್ ದಿಬ್ಬಕ್ಕೂ ತಳದ ಟ್ರಾಲ್ ಬಲೆಯಿಂದ ಕಾನೂನಿನ ರಕ್ಷಣೆ ದೊರೆಯಿತು.

ಇನ್ನೊಂದು ಅಪಾಯಕ್ಕೆ ಗಡಿಯೇ ಇಲ್ಲ. ಭೂಮಿಯ ಯಾವ ಮೂಲೆಯಲ್ಲಿ ಕಲ್ಲಿದ್ದಲು ಉರಿದರೂ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಸಮುದ್ರ ಸೇರಿ ನೀರನ್ನು ಆಮ್ಲದತ್ತ ಒಯ್ಯುತ್ತದೆ. ಜೀವಂತ ಹವಳಕ್ಕೆ ಮೈಚರ್ಮದ ಹೊದಿಕೆಯಾದರೂ ಇದೆ. ಬುಡದ ಬರಿಯ ಅಸ್ಥಿಪಂಜರಕ್ಕೆ ಅದೂ ಇಲ್ಲ. ಅದು ಸವೆದು ಟೊಳ್ಳಾದರೆ ಮೇಲಿನ ಜೀವಂತ ಕೊಂಬೆಯೂ ಕುಸಿಯುವುದು ನಿಶ್ಚಯ.

ಮರ ಉರುಳಿದಾಗ ಊರಿಗೆ ಸದ್ದು ಕೇಳುತ್ತದೆ. ಕಡಲ ತಳದ ಕೊಂಬೆ ಮುರಿದ ಸದ್ದು ಯಾರಿಗೂ ಕೇಳದು. ಕೇಳದ ಸದ್ದಿಗೂ ಕಿವಿಗೊಡುವ ಹೊಣೆ ಮನುಷ್ಯನದು.